ಹೂ ತುಂಬಿದ ಕಡಲೆಗೆ ನೀರು ಬಿಡಬೇಡಿ

ಕಡಲೆ ಹೂ ಬಿಟ್ಟು ನಿಂತಾಗ ಮಧ್ಯಾಹ್ನದ ಬಿಸಿಲಿಗೆ ಎಲೆ ಜೋತುಬಿದ್ದರೆ ಜೀವ ತಡೆಯುವುದಿಲ್ಲ, ಕೈ ಮೋಟರ್ ಸ್ವಿಚ್ಚಿಗೆ ಹೋಗುತ್ತದೆ. ಎಷ್ಟೋ ಹೊಲ ಕೆಟ್ಟಿರುವುದು ಇಲ್ಲೇ. ನೀರು ಕುಡಿದ ವಾರದಲ್ಲಿ ಹೊಲ ಕಡುಹಸಿರಾಗುತ್ತದೆ, ನೋಡಿದವರೆಲ್ಲ ಬೆಳೆ ಚೆನ್ನಾಗಿದೆ ಎನ್ನುತ್ತಾರೆ. ಬಗ್ಗಿ ಸಾಲಿನ ನಡುವೆ ನೋಡಿ: ಬಾಡಿದ ಹೂ ನೆಲದ ಮೇಲೆ, ಎಳೆ ಕುಡಿ ಗಿಡದ ತುದಿಯಲ್ಲಿ. ಹೂ ಬಂದ ಮೇಲೂ ಬೆಳೆಯುತ್ತಲೇ ಇರುವುದು ಕಡಲೆಯ ಗುಣ. ನೆಲದ ತೇವ ತುಸು ಇಳಿದರೇನೇ ಅದು ಚಿಗುರುವುದು ಬಿಟ್ಟು ಕಾಯಿ ಕಟ್ಟಲು ತೊಡಗುತ್ತದೆ. ಮಧ್ಯಾಹ್ನ ಜೋತ ಎಲೆ ಬೆಳಗ್ಗೆ ನೆಟ್ಟಗಿದ್ದರೆ ಗಿಡಕ್ಕೆ ಬಾಯಾರಿಲ್ಲ.

ಬೆಳೆ ಎದ್ದ ಮೇಲೆ ನೀರು ಕೊಡುವುದಾದರೆ ಎರಡೇ ಹೊತ್ತು: ಬಿತ್ತಿದ 30–35 ದಿನಕ್ಕೆ, ಹೂ ಕಾಣುವ ಮೊದಲು ಒಮ್ಮೆ, 60–70 ದಿನಕ್ಕೆ, ಕಾಯಿಯಲ್ಲಿ ಕಾಳು ತುಂಬುವಾಗ ಇನ್ನೊಮ್ಮೆ. ತಳಿಗೆ ತಕ್ಕಂತೆ ದಿನ ಹಿಂದುಮುಂದಾಗುತ್ತದೆ, ಹಾಗಾಗಿ ಲೆಕ್ಕಕ್ಕಿಂತ ಗಿಡವನ್ನೇ ನಂಬಿ. ಎರೆ (ಕಪ್ಪು ಮಣ್ಣಿನ) ಭೂಮಿಯಾದರೆ ಬಿರುಕು ಅಗಲವಾಗುವ ಮೊದಲೇ ತೆಳುವಾಗಿ ಹಾಯಿಸಬೇಕು. ಬಿರುಕು ಬಾಯ್ಬಿಟ್ಟ ಮೇಲೆ ಬಿಟ್ಟ ನೀರು ಬೇರಿನ ಸುತ್ತ ನಿಲ್ಲುತ್ತದೆ, ಗಾಳಿಯಾಡದೆ, ಗಿಡಕ್ಕೆ ಸಾರಜನಕ ಒದಗಿಸುವ ಬೇರುಗಂಟುಗಳು ಸಾಯುತ್ತವೆ, ಕೆಳಗಿನ ಎಲೆ ಹಳದಿಗೆ ತಿರುಗುತ್ತದೆ. ಹಳದಿ ಕಂಡೊಡನೆ ಯೂರಿಯಾ ಎರಚುವವರಿದ್ದಾರೆ. ದಯವಿಟ್ಟು ಬೇಡ. ಬೇರಿಗೆ ಉಸಿರು ಕಟ್ಟಿದೆ, ಮೊದಲು ನೀರು ಬಸಿಯಲು ದಾರಿ ಮಾಡಿ.

ಬಿತ್ತನೆಯಲ್ಲಿ ಆತುರ ಇನ್ನೊಂದು ಪೆಟ್ಟು. ನೆಲದ ಕಾವು ಇಳಿಯದೆ ಬಿತ್ತಿದ ಹೊಲದಲ್ಲಿ ಅಲ್ಲಲ್ಲಿ ಗಿಡ ಹಸಿರಿರುವಾಗಲೇ ತಲೆ ಬಾಗಿಸುತ್ತದೆ. ಅಂಥದ್ದೊಂದನ್ನು ಕಿತ್ತು ಕಾಂಡವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ನಡುವೆ ಕಪ್ಪುಗಂದು ಗೆರೆ ಓಡಿದ್ದರೆ ಅದು ಸೊರಗು ರೋಗ, ಎಷ್ಟು ನೀರು ಕೊಟ್ಟರೂ ಏಳುವುದಿಲ್ಲ. ಎಳೆ ಸಸಿಯ ಬುಡಕ್ಕೆ ಬಿಳಿ ಬೂಜು ಹಬ್ಬಿ ಸಾಸಿವೆಯಂಥ ಕಾಳು ಅಂಟಿದ್ದರೆ ಬುಡಕೊಳೆ. ಬಿಸಿ ಮಣ್ಣಿಗೆ ಅತಿ ತೇವ ಸೇರಿದಾಗ ಬರುವುದು. ಎರಡೂ ರೋಗ ತರುವ ಶಿಲೀಂಧ್ರಗಳು ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತವೆ, ಆ ಹೊಲಕ್ಕೆ ಮುಂದಿನ ಸಲ ಜೋಳವೋ ಗೋಧಿಯೋ ಬಿತ್ತಿ. ಕಡಲೆ ಬಿತ್ತುವ ಮುನ್ನ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಲೇಪಿಸಿ.

ಹಾಗೆಂದು ತಡ ಮಾಡಿದರೂ ಕಷ್ಟ. ಹೂ ಬಿಡುವ ಹೊತ್ತಿಗೆ ಬಿಸಿಲು 35 ಡಿಗ್ರಿ ದಾಟಿದರೆ ಪರಾಗ ಕೆಡುತ್ತದೆ, ಹೂ ಉದುರುತ್ತದೆ, ಉಳಿದ ಕಾಯಲ್ಲಿ ಕಾಳು ಸೊರಗಿರುತ್ತದೆ. ಕಾಯಿಕೊರಕ ಹುಳುವಿನ ಕಾಟವೂ ಹೆಚ್ಚು.

ಬೀಜ 5ರಿಂದ 8 ಸೆಂಟಿಮೀಟರ್ ಆಳದಲ್ಲಿ, ಹಸಿ ಮಣ್ಣಿಗೇ ತಾಗಬೇಕು. ಒಣ ಮಣ್ಣಿಗೆ ಬಿತ್ತಿ ಮೇಲಿಂದ ನೀರು ಬಿಟ್ಟರೆ ಹೆಪ್ಪುಗಟ್ಟಿದ ಮಣ್ಣಿನ ಕೆಳಗೆ ಬೀಜ ಕೊಳೆಯುತ್ತದೆ. ಬಿತ್ತುವ ಮೊದಲೇ ನೀರುಣಿಸಿ, ಹದ ಬಂದ ಮೇಲೆ ಕೂರಿಗೆ ಹೂಡಿ.