ಮೀಟರಿನಿಂದ ಮನೆಯ ಬೋರ್ಡಿನವರೆಗಿನ 70 ಮೀಟರ್

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯಲ್ಲಿ ಮೆಸ್ಕಾಂ ಮೀಟರ್ ಇರುವುದು ಮನೆಯ ಗೋಡೆಯ ಮೇಲಲ್ಲ, ಗೇಟಿನ ಪಕ್ಕದ ಗೂಡಿನಲ್ಲಿ. ಅಲ್ಲಿಂದ ಅಡಿಕೆ ತೋಟ ಮತ್ತು ಎರಡು ಬಸಿಗಾಲುವೆಗಳನ್ನು ದಾಟಿ ಮನೆಯ ಡಿಬಿಗೆ (ಮನೆಯೊಳಗೆ ವಿದ್ಯುತ್ತನ್ನು ಹಂಚುವ ಬೋರ್ಡಿಗೆ) ಬರಲು ಕೇಬಲ್ 70 ಮೀಟರ್ ಸಾಗಬೇಕು. ಮೀಟರಿನಿಂದ ಈಚೆಗಿನ ತಂತಿಯ ಹೊಣೆ ಬಳಕೆದಾರನದೇ ಆದ್ದರಿಂದ ಕಳೆದ ಹದಿನೈದು ವರ್ಷಗಳಲ್ಲಿ ಅದನ್ನು ಮೂರು ರೀತಿಯಲ್ಲಿ ಎಳೆಸಿ, ಮೂರು ರೀತಿಯ ರಕ್ಷಣೆ ಕೊಟ್ಟು ನೋಡಿದ್ದೇನೆ. ಮಲೆನಾಡಿನಲ್ಲಿ ಇಂಥ ದೂರದ ಮನೆಗಳು ಬಹಳ ಇರುವುದರಿಂದ ಆ ಅನುಭವವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲನೆಯದು ಕಂಬದಿಂದ ಕಂಬಕ್ಕೆ ಎಳೆದ ಸರ್ವಿಸ್ ವೈರು. ಅದಕ್ಕೆ ಗೇಟಿನ ಬಳಿ ಇದ್ದ ರಕ್ಷಣೆ, ಹೊರೆ ಮೀರಿದರೆ ಒಳಗಿನ ಸಣ್ಣ ತಂತಿ ಕರಗಿ ವಿದ್ಯುತ್ತು ಕಡಿಯುವ ಒಂದು ಕಿಟ್‌ಕ್ಯಾಟ್ ಫ್ಯೂಸ್ ಮಾತ್ರ. ಖರ್ಚು ಕಡಿಮೆ, ತಂತಿ ಕಣ್ಣಿಗೆ ಕಾಣುತ್ತದೆ, ತುಂಡಾದರೆ ಎಲ್ಲಿ ಎಂದು ಹುಡುಕಬೇಕಾಗಿಲ್ಲ. ಆದರೆ ಮಳೆಗಾಲದಲ್ಲಿ ಸೋಗೆ ಬಿದ್ದು ತಂತಿ ಜಗ್ಗುವುದು, ಗಾಳಿಗೆ ಮರ ಉಜ್ಜಿ ಹೊದಿಕೆ ಸವೆಯುವುದು ಪ್ರತಿವರ್ಷದ ಪಾಡಾಗಿತ್ತು. ಒಮ್ಮೆ ಫ್ಯೂಸ್ ತೆಗೆದು ನೋಡಿದರೆ, ಪದೇ ಪದೇ ಹೋಗುತ್ತದೆ ಎಂದು ಯಾರೋ ತಂತಿಯನ್ನು ಮೂರು ಎಳೆ ಮಾಡಿ ಕಟ್ಟಿದ್ದರು. ಅಂಥ ಫ್ಯೂಸು ಕೇಬಲ್ ಸುಟ್ಟ ಮೇಲೂ ಉಳಿದಿರುತ್ತದೆ. ಈಗಂತೂ ಕೊಯ್ಲಿಗೆ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುವ ವಸ್ತುವಾದ್ದರಿಂದ, ತೋಟದ ಮೇಲೆ ಹಾದುಹೋಗುವ ತಂತಿಯನ್ನು ನಾನು ಇನ್ನು ಯಾರಿಗೂ ಸೂಚಿಸಲಾರೆ.

ಎರಡನೆಯದಾಗಿ 6 ಚದರ ಮಿಲಿಮೀಟರ್ ತಾಮ್ರದ ಸಾಮಾನ್ಯ ಕೇಬಲನ್ನು ಪಿವಿಸಿ ಪೈಪಿನೊಳಗೆ ತೂರಿಸಿ ಒಂದು ಅಡಿ ಆಳದಲ್ಲಿ ಹೂತೆವು. ಗೇಟಿನಲ್ಲಿ 32 ಆಂಪಿಯರ್‌ನ ‘ಸಿ’ ಬಗೆಯ ಎಂಸಿಬಿ (ಹೊರೆ ಮೀರಿದರೆ ಅಥವಾ ಶಾರ್ಟ್ ಆದರೆ ತಾನೇ ಬೀಳುವ ಸ್ವಿಚ್ಚು), ಮನೆಯ ಡಿಬಿಯಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಅಷ್ಟು ವಿದ್ಯುತ್ತು ನೆಲಕ್ಕೆ ಸೋರಿದರೆ ಬೀಳುವ ಸ್ವಿಚ್ಚು). ನೋಡಲು ಅಚ್ಚುಕಟ್ಟಾಗಿತ್ತು, ನಾಲ್ಕು ವರ್ಷ ತೊಂದರೆಯೂ ಇರಲಿಲ್ಲ. ಐದನೆಯ ಮಳೆಗಾಲದಲ್ಲಿ ತೋಟದ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬಳು ಕಾಲುವೆಯಿಂದ ಥಟ್ಟನೆ ಮೇಲೆ ಹತ್ತಿ, ‘ಅಣ್ಣಯ್ಯ, ಇಲ್ಲಿ ನೀರು ಜುಂ ಅಂತದೆ’ ಎಂದಳು. ಕೂಡಲೇ ಗೇಟಿಗೆ ಓಡಿ ಎಂಸಿಬಿ ಇಳಿಸಿದೆ. ಕಾಲುವೆಯಿಂದ ಎಲ್ಲರನ್ನೂ ದೂರ ಕಳಿಸಿದ ಮೇಲೆ ಎಲೆಕ್ಟ್ರಿಷಿಯನ್ ಬಂದು ಒಂದು ನಿಮಿಷದ ಮಟ್ಟಿಗೆ ಅದನ್ನು ಮತ್ತೆ ಎತ್ತಿಸಿ, ವಿದ್ಯುತ್ತು ಹೋಗುವ ಫೇಸ್ ಮತ್ತು ಮರಳುವ ನ್ಯೂಟ್ರಲ್ ತಂತಿಗಳೆರಡನ್ನೂ ಒಟ್ಟಿಗೆ, ಹರಿವನ್ನು ಅಳೆಯುವ ಕ್ಲ್ಯಾಂಪ್ ಮೀಟರಿನ ಬಾಯೊಳಗೆ ಹಿಡಿದರು. ಹೋದದ್ದೂ ಮರಳಿದ್ದೂ ಸಮನಾಗಿ ಸೊನ್ನೆ ತೋರಿಸಬೇಕಾದಲ್ಲಿ 1.5 ಆಂಪಿಯರ್ ತೋರಿಸಿತು. ಅಷ್ಟು ವಿದ್ಯುತ್ತು ನೆಲಕ್ಕೆ ಇಳಿಯುತ್ತಿತ್ತು. ಲೆಕ್ಕ ಹಾಕಿದರೆ ದಿನಕ್ಕೆ ಎಂಟು ಯೂನಿಟ್‌ಗೂ ಹೆಚ್ಚು. ಆ ತಿಂಗಳ ಬಿಲ್ಲು ಏಕೆ ಏರಿತ್ತು ಎಂಬುದಕ್ಕೂ ಉತ್ತರ ಸಿಕ್ಕಿತು.

ಅಗೆದು ನೋಡಿದಾಗ, ಕಾಲುವೆ ತೋಡುವಾಗ ಬಿಟ್ಟುಕೊಂಡಿದ್ದ ಪೈಪಿನ ಜಾಯಿಂಟಿನಲ್ಲಿ ಹೆಗ್ಗಣ ಬಾಯಿ ಹಾಕಿತ್ತು. ಹೊದಿಕೆಯ ಮೇಲೆ ಜೋಡಿ ಹಲ್ಲಿನ ಗುರುತು, ಅದರೊಳಗೆ ಕಿಲುಬು ಹಿಡಿದು ಹಸಿರಾದ ತಾಮ್ರ. ಪೈಪನ್ನು ಕುಯ್ದಾಗ ಒಳಗಿನಿಂದ ಒಂದು ಕೊಡದಷ್ಟು ನೀರು ಸುರಿಯಿತು. ಇಷ್ಟಾದರೂ ಯಾವ ಸ್ವಿಚ್ಚೂ ಬೀಳಲಿಲ್ಲವೇಕೆ? ಮನೆಯ ಆರ್‌ಸಿಸಿಬಿ ತನ್ನಿಂದ ಮುಂದಿನ ವೈರಿಂಗನ್ನು ಮಾತ್ರ ಕಾಯುತ್ತದೆ, ತನ್ನ ಹಿಂದಿನ 70 ಮೀಟರಿನಲ್ಲಿ ಏನಾದರೂ ಅದಕ್ಕೆ ಗೊತ್ತಾಗುವುದಿಲ್ಲ. ಗೇಟಿನ ಎಂಸಿಬಿಗಾದರೋ 1.5 ಆಂಪಿಯರ್ ಒಂದು ಬಲ್ಬಿನ ಸಾಲಿನ ಹೊರೆಯಷ್ಟೇ. ನೇರವಾಗಿ ಅರ್ತಿಗೇ ಫೇಸ್ ತಗುಲಿದ್ದರೂ ಅದು ಬೀಳುತ್ತಿರಲಿಲ್ಲ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಬೇಸಿಗೆಯ ಅರ್ತ್ ರೋಧ (ವಿದ್ಯುತ್ತು ನೆಲಕ್ಕೆ ಇಳಿಯಲು ಇರುವ ತಡೆ) 18 ಓಮ್ ಇತ್ತು, 230 ವೋಲ್ಟಿಗೆ ಅದರ ಮೂಲಕ ಹರಿಯುವುದು ಹೆಚ್ಚೆಂದರೆ 13 ಆಂಪಿಯರ್. ಉದ್ದದ ಕೇಬಲನ್ನು ಕಾಯುವ ಸಾಧನ ಕೇಬಲ್ ಹೊರಡುವ ತುದಿಯಲ್ಲೇ ಇರಬೇಕು, ಮತ್ತು ಅದರಲ್ಲಿ ಸೋರಿಕೆಯನ್ನು ಹಿಡಿಯುವ ಸಾಧನವೂ ಸೇರಿರಬೇಕು ಎಂಬುದನ್ನು ನಾನು ಅರಿತದ್ದು ಆ ದಿನ.

ಮೂರನೆಯ ಸಲ 16 ಚದರ ಮಿಲಿಮೀಟರ್ ಅಲ್ಯೂಮಿನಿಯಮ್ಮಿನ ಆರ್ಮರ್ಡ್ (ಉಕ್ಕಿನ ಕವಚವಿರುವ) ಕೇಬಲ್ ತಂದೆವು. ಎರಡೂವರೆ ಅಡಿ ಆಳ, ಕೆಳಗೂ ಮೇಲೂ ಮರಳು, ಮೇಲೆ ಇಟ್ಟಿಗೆಯ ಸಾಲು, ಅದರ ಮೇಲೆ ಹಳದಿ ಎಚ್ಚರಿಕೆ ಪಟ್ಟಿ. ಜಂಬಿಟ್ಟಿಗೆಯಲ್ಲಿ ಆ ಆಳಕ್ಕೆ ಪಿಕಾಸಿ ಹಾಕಲು ಇಬ್ಬರಿಗೆ ಐದು ದಿನ ಹಿಡಿಯಿತು. ಖರ್ಚು ನಿಜವಾಗಿ ನೋಯಿಸಿದ್ದು ಅಗೆತದಲ್ಲಿ. ದಪ್ಪ ಕೇಬಲಿನಿಂದ ಇನ್ನೊಂದು ಲಾಭವೂ ಆಯಿತು. ಪಂಪು ಮತ್ತು ಗೀಸರ್ ಒಟ್ಟಿಗೆ ನಡೆದು 25 ಆಂಪಿಯರ್ ಎಳೆಯುವಾಗ ಹಳೆಯ ತಾಮ್ರದ ಕೇಬಲಿನಲ್ಲಿ ಸುಮಾರು 11 ವೋಲ್ಟ್ ಕುಸಿಯುತ್ತಿತ್ತು, ಈಗ ಕುಸಿಯುವುದು 7 ವೋಲ್ಟಿಗಿಂತ ಕಡಿಮೆ. ಕೇಬಲಿನ ಉಕ್ಕಿನ ಕವಚವನ್ನು, ಅದರ ತುದಿಯನ್ನು ಬಿಗಿಹಿಡಿಯುವ ಹಿತ್ತಾಳೆಯ ಗ್ಲ್ಯಾಂಡ್ ಮೂಲಕ ಗೇಟಿನ ಅರ್ತಿಗೆ ಸೇರಿಸಿದ್ದೇವೆ. ಹಾರೆ ತಾಗಿದರೂ ಫೇಸ್ ಮೊದಲು ಮುಟ್ಟುವುದು ಆ ಕವಚವನ್ನು.

ಗೇಟಿನಲ್ಲಿ ಯಾವ ಸಾಧನ ಎಂಬ ಪ್ರಶ್ನೆಯಲ್ಲೇ ನಾನು ಹೆಚ್ಚು ಎಡವಿದ್ದು. ಮೊದಲು ಅಲ್ಲಿಯೂ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿಯನ್ನೇ ಹಾಕಿಸಿದೆ. ಮನೆಯಲ್ಲಿ ಮಿಕ್ಸಿ ಸೋರಿದರೂ ಎರಡೂ ಒಟ್ಟಿಗೆ ಬಿದ್ದು, ಆರಿದ್ರಾ ಮಳೆಯ ನಡುರಾತ್ರಿಯಲ್ಲಿ ಟಾರ್ಚು ಹಿಡಿದು ಗೇಟಿಗೆ ಹೋಗಬೇಕಾಗುತ್ತಿತ್ತು. ಆಮೇಲೆ 100 ಮಿಲಿ ಆಂಪಿಯರ್‌ನ ಸಾಮಾನ್ಯ ಆರ್‌ಸಿಸಿಬಿ ಹಾಕಿದರೂ ಫಲ ಸಿಗಲಿಲ್ಲ, ಏಕೆಂದರೆ ಸೋರಿಕೆ ದೊಡ್ಡದಾದಾಗ ಅದು ಎರಡರ ಮಿತಿಯನ್ನೂ ದಾಟುತ್ತದೆ, ಎರಡೂ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತವೆ. ಸರಿಹೋದದ್ದು ಅದೇ 100 ಮಿಲಿ ಆಂಪಿಯರ್‌ನ, ಮೈಮೇಲೆ ‘ಎಸ್’ ಎಂಬ ಗುರುತಿರುವ, ಸ್ವಲ್ಪ ತಡೆದು ಬೀಳುವ ಬಗೆ. ಮನೆಯ ದೋಷಕ್ಕೆ ಮನೆಯದು ಮೊದಲು ಬೀಳುವಷ್ಟು ಸಮಯವನ್ನು ಅದು ಕೊಡುತ್ತದೆ, ಕೇಬಲಿನಲ್ಲೇ ದೋಷವಾದರೆ ತಾನೇ ಬೀಳುತ್ತದೆ. ಆದರೆ ಮನುಷ್ಯರ ಮೈಗೆ ನೇರ ರಕ್ಷಣೆ ಕೊಡುವುದು 30 ಮಿಲಿ ಆಂಪಿಯರ್‌ನದೇ. ಮನೆಯ ಡಿಬಿಯಿಂದ ಅದನ್ನು ತೆಗೆಯಲೇಬಾರದು.

ಆರ್‌ಸಿಸಿಬಿ ಶಾರ್ಟನ್ನೂ ಓವರ್‌ಲೋಡನ್ನೂ ತಡೆಯದು, ಅದಕ್ಕೆ ಎಂಸಿಬಿ ಜೊತೆಗಿರಬೇಕು. ಇಲ್ಲಿಯೂ ಅಂಗಡಿಯವರು ಕೈಗಿಡುವ ‘ಸಿ’ ಬಗೆಗಿಂತ ‘ಬಿ’ ಬಗೆ ನಮ್ಮಂಥ ಕಡೆಗೆ ಒಳ್ಳೆಯದು. ಟ್ರಾನ್ಸ್‌ಫಾರ್ಮರ್ ದೂರವಿರುವುದರಿಂದ ಮನೆಯ ತುದಿಯಲ್ಲಿ ಲೂಪಿನ (ವಿದ್ಯುತ್ತು ಅಲ್ಲಿಂದ ಬಂದು ಮರಳುವ ಇಡೀ ದಾರಿಯ) ರೋಧ 1.3 ಓಮ್ ಬಂತು, ಅಂದರೆ ಅಲ್ಲಿ ಶಾರ್ಟ್ ಆದರೆ ಹರಿಯುವುದು ಸುಮಾರು 177 ಆಂಪಿಯರ್. 32 ಆಂಪಿಯರ್‌ನ ‘ಸಿ’ ಎಂಸಿಬಿ ತಕ್ಷಣ ಬೀಳಲು 320 ಆಂಪಿಯರ್‌ವರೆಗೂ ಬೇಕಾಗಬಹುದು. ‘ಬಿ’ಗೆ ಹೆಚ್ಚೆಂದರೆ 160 ಸಾಕು. ನಮ್ಮ ಒಂದು ಎಚ್‌ಪಿ ಪಂಪು ಚಾಲೂ ಆಗುವಾಗ ‘ಬಿ’ ಒಮ್ಮೆಯೂ ಬಿದ್ದಿಲ್ಲ.

ತಿಂಗಳಿಗೊಮ್ಮೆ ಎರಡೂ ಆರ್‌ಸಿಸಿಬಿಗಳ ಟೆಸ್ಟ್ ಗುಂಡಿ ಒತ್ತಿ ನೋಡುತ್ತೇನೆ. ಈ ವರ್ಷ ಪುಷ್ಯ ಮಳೆಯಲ್ಲಿ ಬಚ್ಚಲಿನ ಗೀಸರ್ ಸೋರಿ ಮನೆಯದು ಎರಡು ಸಲ ಬಿತ್ತು. ಎರಡು ಸಲವೂ ಗೇಟಿನದು ಎದ್ದೇ ಇತ್ತು.