ಕುರಿರೊಪ್ಪದ ನುಸಿಗೆ ಯಾವ ಬಲೆ: ಒಂಡರ್‌ಸ್ಟೆಪೋರ್ಟೋ, ಸಿಡಿಸಿಯೋ?

ಕುರಿಗಳಿಗೆ ಬರುವ ನೀಲಿ ನಾಲಿಗೆ ರೋಗದ ವೈರಸ್ ಹೊರುವ, ರಕ್ತ ಹೀರುವ ಕ್ಯೂಲಿಕಾಯ್ಡಿಸ್ ನುಸಿಯ ಮೇಲೆ ಮಳೆಗಾಲವಿಡೀ ಕಣ್ಣಿಡಬೇಕಿದ್ದು, ರೊಪ್ಪದ ಹತ್ತಿರ ಕರೆಂಟ್ ಇದ್ದರೆ ದಕ್ಷಿಣ ಆಫ್ರಿಕಾ ಮಾದರಿಯ ಒಂಡರ್‌ಸ್ಟೆಪೋರ್ಟ್ ಬಲೆಯನ್ನೇ ಕೊಳ್ಳಿ. ನುಸಿಯನ್ನು ಸೆಳೆಯಲು 8 ವಾಟ್‌ನ ನೇರಳಾತೀತ ಟ್ಯೂಬು, ಒಳಗೆಳೆಯಲು ಜೋರು ಫ್ಯಾನು. ಇದನ್ನೂ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) ಮಾದರಿಯ ಬಲೆಯನ್ನೂ ದಿನಕ್ಕೊಮ್ಮೆ ಜಾಗ ಬದಲಿಸಿ ತೂಗುಹಾಕಿದರೂ ಒಂಡರ್‌ಸ್ಟೆಪೋರ್ಟಿನಲ್ಲೇ ನುಸಿ ಹೆಚ್ಚು. ಸಿಡಿಸಿ ಮಿನಿ ಬಲೆ ಹಗುರ, 6 ವೋಲ್ಟ್ ಬ್ಯಾಟರಿಯಲ್ಲೇ ನಡೆಯುತ್ತದೆ. ಆದರೆ ಸೊಳ್ಳೆಗೆಂದು ಮಾರುವ ಮಾಮೂಲಿ ಬಲ್ಬಿನದನ್ನು ತಂದರೆ ದುಡ್ಡು ದಂಡ. ನೇರಳಾತೀತ ದೀಪದ್ದೇ ಬೇಕು.

ಸಿಡಿಸಿಯ ತಲೆನೋವು ಬ್ಯಾಟರಿ. ಹಳತಾದ ಬ್ಯಾಟರಿ ಸಂಜೆ ಚೆನ್ನಾಗಿಯೇ ಓಡಿ, ನಡುರಾತ್ರಿ ದಾಟಿದ ಮೇಲೆ ಸೋಲುತ್ತದೆ. ದೀಪ ಮಂಕಾಗಿ ಉರಿಯುತ್ತಲೇ ಇರುತ್ತದೆ, ಫ್ಯಾನಿಗೆ ಎಳೆಯುವ ಶಕ್ತಿ ಇರುವುದಿಲ್ಲ. ಫ್ಯಾನು ಪೂರ್ತಿ ನಿಂತರೆ ಚೀಲದಲ್ಲಿದ್ದ ನುಸಿಯೂ ಬಂದ ದಾರಿಯಲ್ಲೇ ಹೊರಬೀಳುತ್ತದೆ.

ನುಸಿ ಹೆಚ್ಚು ಹಾರುವುದು ಮುಸ್ಸಂಜೆಗೆ, ಮತ್ತೆ ನಸುಕಿಗೆ. ಈ ಎರಡನೇ ಸರದಿ ತಪ್ಪಿದರೆ ನುಸಿ ಕಡಿಮೆಯಾಯಿತೆಂದು ಲೆಕ್ಕ ಸುಳ್ಳು ಹೇಳುತ್ತದೆ. ಹೀಗಾಗಿ ಬಲೆ ಓಡುತ್ತಿರುವಾಗಲೇ ಸಂಜೆ, ಬೆಳಿಗ್ಗೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಬರೆದಿಡಿ. ಫ್ಯಾನು ನಿಂತಿದ್ದ ರಾತ್ರಿಗೆ ಸೊನ್ನೆ ಹಾಕಬೇಡಿ, ‘ಬಲೆ ಕೆಟ್ಟಿತ್ತು’ ಎಂದು ಬರೆಯಿರಿ. ಒಣ ಚೀಲವೂ ಬೇಡ, ರೆಕ್ಕೆ ಮುರಿಯುತ್ತದೆ. ಜಾತಿ ಗುರುತಿಸುವುದೇ ರೆಕ್ಕೆಯ ಚುಕ್ಕೆಗಳಿಂದ. ಚೀಲದ ಬದಲು ಡಬ್ಬಿಗೆ 200 ಮಿಲಿ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಕಟ್ಟಿ.

ಒಂಡರ್‌ಸ್ಟೆಪೋರ್ಟಿಗೂ ಕರೆಂಟ್ ಹೋಗುವ ಕಾಟವಿದೆ. ಚಿಕ್ಕ ಇನ್ವರ್ಟರ್ ಸಾಕು. ಸುತ್ತ 2 ಮಿ.ಮೀ. ಕಣ್ಣಿನ ಪರದೆ ಕಟ್ಟದಿದ್ದರೆ ಮಳೆ ಬಿದ್ದ ರಾತ್ರಿ ಡಬ್ಬಿ ತುಂಬ ಈಸುಳು, ಜೀರುಂಡೆ. ಬಲೆ ಒಂದೂವರೆಯಿಂದ ಎರಡು ಮೀಟರ್ ಎತ್ತರದಲ್ಲಿ, ಕುರಿಗಳ ಪಕ್ಕದಲ್ಲೇ ಇರಲಿ. ಹುಣ್ಣಿಮೆ, ಗಾಳಿ, ಜಡಿಮಳೆಯ ದಿನ ಯಾವ ಬಲೆಯೂ ಅಷ್ಟಕ್ಕಷ್ಟೆ.

ಬೆಳಿಗ್ಗೆ ಸೋಸಿ ಶೇ. 70ರ ಎಥನಾಲ್‌ಗೆ ಹಾಕಿ. ಸೂಕ್ಷ್ಮದರ್ಶಕದಡಿ ಹೊಟ್ಟೆಯ ಚರ್ಮದಡಿ ದ್ರಾಕ್ಷಾರಸದ ಕೆಂಪು ಕಂಡ ಹೆಣ್ಣು ಒಮ್ಮೆ ರಕ್ತ ಹೀರಿ ಮೊಟ್ಟೆಯಿಟ್ಟಿದ್ದು. ವೈರಸ್ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಬೇಕಾದದ್ದು ಇದೇ, ಜಾತಿವಾರು ಸೀಸೆಗೆ 50ರ ಒಳಗೆ. ಆಗಷ್ಟೇ ರಕ್ತ ಹೀರಿದ್ದನ್ನು ಬೇರೆ ಇಡಿ: ಸಿಗುವ ವೈರಸ್ ಕುರಿಯ ರಕ್ತದ್ದೂ ಇರಬಹುದು.

ದಿನಕ್ಕೊಂದು ಹೊಲದಲ್ಲಿ ಬೀಡುಬಿಡುವ ಮಂದೆಯ ಹಿಂದೆ ಹೋಗುವವರಿಗೆ ಮಾತ್ರ ಸಿಡಿಸಿ, ಅದೂ ಎರಡು ಹೊಸ ಬ್ಯಾಟರಿ ಸಮೇತ.