ರೂಫಸ್: ವಿಂಡೋಸ್ ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ಮೊದಲು ಪೆನ್‌ಡ್ರೈವ್ ನೋಡಿ

ವಿಂಡೋಸ್ ಹಾಕುವಾಗ ನಡುವೆ ಎರರ್ ಬಂದರೆ ಹಾರ್ಡ್‌ಡಿಸ್ಕ್ ಹೋಯಿತು ಎಂದೇ ಬಹಳ ಜನ ತೀರ್ಮಾನ ಮಾಡಿಬಿಡುತ್ತಾರೆ. ಆದರೆ ತೊಂದರೆ ಎಷ್ಟೋ ಸಲ ಇನ್‌ಸ್ಟಾಲ್‌ಗೆಂದು ತಯಾರಿಸಿದ ಪೆನ್‌ಡ್ರೈವ್‌ನಲ್ಲಿ ಇರುತ್ತದೆ, ಇಲ್ಲವೇ ಕಂಪ್ಯೂಟರ್ ಅದರಿಂದ ಬೂಟ್ ಆದ ಬಗೆಯಲ್ಲಿ ಇರುತ್ತದೆ. ಇವೆರಡನ್ನೂ ಪರೀಕ್ಷಿಸಿ ಸರಿಪಡಿಸಲು ಉಚಿತ ತಂತ್ರಾಂಶಗಳಲ್ಲಿ ರೂಫಸ್‌ನಷ್ಟು ನೇರವಾದದ್ದು ಬೇರೆ ಇಲ್ಲ. ಪೀಟ್ ಬಟಾರ್ಡ್ 2011ರಿಂದ ಬೆಳೆಸಿಕೊಂಡು ಬಂದಿರುವ ಓಪನ್ ಸೋರ್ಸ್ ತಂತ್ರಾಂಶ ಇದು. ಐಎಸ್‌ಒ ಫೈಲಿನಿಂದ (ಇನ್‌ಸ್ಟಾಲ್‌ಗೆ ಬೇಕಾದುದೆಲ್ಲ ಒಂದೇ ಕಡೆ ಇರುವ ಫೈಲು) ಬೂಟ್ ಆಗುವ ಪೆನ್‌ಡ್ರೈವ್ ಮಾಡಿಕೊಡುತ್ತದೆ. ಕೆಲವೇ ಎಂಬಿಯ ಒಂದೇ ಫೈಲು, ಇನ್‌ಸ್ಟಾಲ್ ಮಾಡಬೇಕಿಲ್ಲ, ಡಬಲ್ ಕ್ಲಿಕ್ ಮಾಡಿದರೆ ಸಾಕು. ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. 4ನೇ ಆವೃತ್ತಿಗೆ ಕನಿಷ್ಠ ವಿಂಡೋಸ್ 8 ಬೇಕು. ಪಕ್ಕದ ಹಳೆಯ ಯಂತ್ರದಲ್ಲಿ ವಿಂಡೋಸ್ 7 ಇದ್ದರೆ 3.22 ಇಳಿಸಿಕೊಳ್ಳಿ. ಅಧಿಕೃತ ತಾಣ ರೂಫಸ್ ಡಾಟ್ ಐಇ. ಹುಡುಕಿದಾಗ ಮೇಲೆ ಕಾಣುವ ಇದೇ ಹೆಸರಿನ ಬೇರೆ ತಾಣಗಳಿಂದ ಇಳಿಸಬೇಡಿ.

ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು, 16 ಇದ್ದರೆ ಒಳ್ಳೆಯದು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಹೊರಗಿನ ಯುಎಸ್‌ಬಿ ಹಾರ್ಡ್‌ಡಿಸ್ಕ್‌ಗಳನ್ನು ರೂಫಸ್ ತಾನಾಗಿ ಪಟ್ಟಿಯಲ್ಲಿ ತೋರಿಸುವುದಿಲ್ಲ. ಆ ಎಚ್ಚರಿಕೆ ಇರುವುದು ನಮ್ಮ ಒಳ್ಳೆಯದಕ್ಕೇ. ಅವನ್ನು ತೋರಿಸುವ ಆಯ್ಕೆಗೆ ಟಿಕ್ ಹಾಕಿ ಮರೆತರೆ ಮನೆಯವರ ಫೋಟೊಗಳಿರುವ ಡಿಸ್ಕ್ ಅಳಿಸಿಹೋಗಬಹುದು.

ಐಎಸ್‌ಒ ಫೈಲನ್ನು ಆರಿಸಿದ ಮೇಲೆ ಪಕ್ಕದಲ್ಲೊಂದು ಟಿಕ್ ಗುರುತಿನ ಸಣ್ಣ ಬಟನ್ ಕಾಣುತ್ತದೆ. ಅದನ್ನು ಒತ್ತಿದರೆ ಫೈಲಿನ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂತಹ ಅಕ್ಷರ, ಅಂಕಿಗಳ ಸಾಲು) ಬರುತ್ತದೆ. ಮೈಕ್ರೋಸಾಫ್ಟ್ ತನ್ನ ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವ ಮೊತ್ತದೊಂದಿಗೆ ಅದನ್ನು ಹೋಲಿಸಿ. ಒಂದು ಅಕ್ಷರ ಬೇರೆಯಾದರೂ ಫೈಲು ಪೂರ್ತಿ ಇಳಿದಿಲ್ಲ ಅಥವಾ ಕೆಟ್ಟಿದೆ ಎಂದೇ ಅರ್ಥ. ಫೈಲು ಕಾಪಿ ಆಗುವಾಗ ನಿಲ್ಲುವ 0ಎಕ್ಸ್80070570, 0ಎಕ್ಸ್8007025ಡಿ ಎರರ್‌ಗಳಿಗೆ ಇದು ಮಾಮೂಲಿ ಕಾರಣಗಳಲ್ಲೊಂದು. ಇನ್ನೊಂದು ಕಾರಣ ಪೆನ್‌ಡ್ರೈವ್ ಸ್ವತಃ ಕೆಟ್ಟಿರುವುದು. ಹೊರಗೆ 64 ಜಿಬಿ ಎಂದು ಬರೆದು ಒಳಗೆ 8 ಜಿಬಿಯ ಚಿಪ್ ಇಟ್ಟಿರುವ ನಕಲಿ ಡ್ರೈವ್‌ಗಳೂ ಇರುತ್ತವೆ. ಹೆಚ್ಚಿನ ಫಾರ್ಮ್ಯಾಟ್ ಆಯ್ಕೆಗಳಲ್ಲಿರುವ ಬ್ಯಾಡ್ ಬ್ಲಾಕ್ ಪರೀಕ್ಷೆಯನ್ನು (ಡ್ರೈವ್ ತುಂಬ ಬರೆದು ಮರಳಿ ಓದಿ ನೋಡುವುದು) ಒಂದು ಸುತ್ತು ಓಡಿಸಿದರೆ ಎರಡೂ ಬಯಲಾಗುತ್ತವೆ. ಸಮಯ ಹಿಡಿಯುತ್ತದೆ ಎನ್ನುವುದು ನಿಜ: ಸೆಕೆಂಡಿಗೆ 10 ಎಂಬಿ ಬರೆಯುವ 16 ಜಿಬಿ ಡ್ರೈವ್‌ಗೆ ಬರೆಯುವುದಕ್ಕೇ ಸುಮಾರು ಅರ್ಧ ಗಂಟೆ, ಓದುವುದು ಬೇರೆ. ಆದರೂ ಒಂದೇ ಎರರ್ ಎರಡನೇ ಸಲ ಬಂದರೆ ಈ ಪರೀಕ್ಷೆ ಬಿಡಬೇಡಿ.

ಇನ್ನು ಪಾರ್ಟಿಷನ್ ಸ್ಕೀಮ್, ಎಂದರೆ ಡಿಸ್ಕನ್ನು ಭಾಗ ಮಾಡಿ ಅದರ ಲೆಕ್ಕ ಇಡುವ ಬಗೆ. ಜಿಪಿಟಿ ಮತ್ತು ಎಂಬಿಆರ್ ಎಂಬ ಎರಡು ಆಯ್ಕೆಗಳು ಇಲ್ಲಿವೆ. ಜಿಪಿಟಿ ಆರಿಸಿ ಮಾಡಿದ ಪೆನ್‌ಡ್ರೈವ್ ಯುಇಎಫ್‌ಐ (ಕಂಪ್ಯೂಟರನ್ನು ಶುರು ಮಾಡುವ ಹೊಸ ವ್ಯವಸ್ಥೆ, ಬಯೋಸ್ ಹಳೆಯದು) ಕ್ರಮದಲ್ಲಿ ಮಾತ್ರ ಬೂಟ್ ಆಗುತ್ತದೆ. ಕಳೆದ ಹತ್ತು ವರ್ಷಗಳಲ್ಲಿ ಕೊಂಡ ಕಂಪ್ಯೂಟರ್‌ಗೆ ಅದೇ ಸರಿ. ಎಂಬಿಆರ್ ಇರುವುದು ಹಳೆಯ ಬಯೋಸ್ ಯಂತ್ರಗಳಿಗೆ. ಪೆನ್‌ಡ್ರೈವ್ ಯಾವ ಕ್ರಮದಲ್ಲಿ ಬೂಟ್ ಆಗುತ್ತದೋ ಅದೇ ಬಗೆಯ ಡಿಸ್ಕನ್ನು ಮಾತ್ರ ವಿಂಡೋಸ್ ಸೆಟಪ್ ಒಪ್ಪುತ್ತದೆ: ಯುಇಎಫ್‌ಐಗೆ ಜಿಪಿಟಿ, ಬಯೋಸ್‌ಗೆ ಎಂಬಿಆರ್. ಈ ಒಂದು ಸಂಗತಿ ಗೊತ್ತಿಲ್ಲದೆ ಎಷ್ಟೋ ಜನ ಡೇಟಾ ಕಳೆದುಕೊಳ್ಳುತ್ತಾರೆ.

ಹೇಗೆಂದರೆ: ‘ಈ ಡಿಸ್ಕ್ ಜಿಪಿಟಿ ಶೈಲಿಯದು, ಇದರಲ್ಲಿ ವಿಂಡೋಸ್ ಹಾಕಲಾಗದು’ ಎಂಬ ಎರರ್ ಬರುತ್ತದೆ. ನೆಟ್‌ನಲ್ಲಿ ಹುಡುಕಿದರೆ ಶಿಫ್ಟ್ ಮತ್ತು ಎಫ್10 ಒತ್ತಿ, ಡಿಸ್ಕ್‌ಪಾರ್ಟ್ (ಡಿಸ್ಕಿನ ಭಾಗಗಳನ್ನು ಬದಲಿಸುವ ಕಮಾಂಡ್) ತೆರೆದು, ಕ್ಲೀನ್ ಎಂದು ಕೊಡಿ ಎನ್ನುವ ಸಲಹೆ ಸಿಗುತ್ತದೆ. ಕ್ಲೀನ್ ಕೊಟ್ಟರೆ ಡಿ, ಇ ಡ್ರೈವ್‌ಗಳೂ ಸೇರಿ ಆ ಡಿಸ್ಕಿನ ಪಾರ್ಟಿಷನ್‌ಗಳೆಲ್ಲ ಹೋಗುತ್ತವೆ. ಇಲ್ಲಿ ಡಿಸ್ಕಿನ ತಪ್ಪೇ ಇಲ್ಲ. ಪೆನ್‌ಡ್ರೈವ್ ಹಳೆಯ ಬಯೋಸ್ ಕ್ರಮದಲ್ಲಿ ಬೂಟ್ ಆಗಿದೆ, ಅಷ್ಟೆ. ರೂಫಸ್‌ನಲ್ಲಿ ಜಿಪಿಟಿ ಆರಿಸಿ ಪೆನ್‌ಡ್ರೈವ್ ಮತ್ತೆ ಮಾಡಿ. ಬೂಟ್ ಮೆನುವಿನಲ್ಲಿ ಹೆಸರಿನ ಮುಂದೆ ಯುಇಎಫ್‌ಐ ಎಂದಿರುವ ಸಾಲನ್ನೇ ಆರಿಸಿ. ಬೂಟ್ ಮೆನುವಿಗೆ ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್, ಎಂಎಸ್‌ಐ ಮದರ್‌ಬೋರ್ಡಿನಲ್ಲಿ ಎಫ್11. ಏಸರ್‌ನಲ್ಲೂ ಎಫ್12, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಮೊದಲು ಬಯೋಸ್‌ಗೆ ಹೋಗಿ ಅದನ್ನು ಆನ್ ಮಾಡಬೇಕು.

ಎರರ್ ಉಲ್ಟಾ ಬಂದರೆ, ಎಂದರೆ ಡಿಸ್ಕ್ ಎಂಬಿಆರ್ ಇದ್ದು ಬೂಟ್ ಯುಇಎಫ್‌ಐ ಆಗಿದ್ದರೆ, ಡಿಸ್ಕನ್ನು ಬದಲಾಯಿಸಬೇಕಾಗುತ್ತದೆ. ಖಾಲಿ ಡಿಸ್ಕ್ ಆದರೆ ಡಿಸ್ಕ್‌ಪಾರ್ಟ್‌ನಲ್ಲಿ ಲಿಸ್ಟ್ ಡಿಸ್ಕ್, ಸೆಲೆಕ್ಟ್ ಡಿಸ್ಕ್ 0, ಕ್ಲೀನ್, ಕನ್ವರ್ಟ್ ಜಿಪಿಟಿ ಎಂದು ಕ್ರಮವಾಗಿ ಕೊಡಿ. 0 ಎಂಬುದು ನಿಮ್ಮ ಡಿಸ್ಕೇ ಹೌದೋ ಅಲ್ಲವೋ ಎಂದು ಪಟ್ಟಿಯಲ್ಲಿರುವ ಜಿಬಿ ನೋಡಿ ಖಚಿತಪಡಿಸಿಕೊಂಡ ಮೇಲೇ ಕ್ಲೀನ್ ಒತ್ತಿ. ಹಳೆಯ ವಿಂಡೋಸ್ ಇನ್ನೂ ಅದರಲ್ಲಿದ್ದರೆ ಡೇಟಾ ಉಳಿಸಿಕೊಂಡೇ ಬದಲಾಯಿಸುವ ಎಂಬಿಆರ್2ಜಿಪಿಟಿ ಎಂಬ ಕಮಾಂಡ್ ವಿಂಡೋಸ್ 10ರಲ್ಲೇ ಇದೆ. ಬ್ಯಾಕಪ್ ತೆಗೆದುಕೊಂಡು ಅದನ್ನೇ ಬಳಸಿ.

ವಿಂಡೋಸ್ ಐಎಸ್‌ಒದೊಳಗಿನ ಇನ್‌ಸ್ಟಾಲ್ ಡಾಟ್ ವಿಮ್ ಫೈಲು ಈಗ 4 ಜಿಬಿ ದಾಟುತ್ತದೆ. ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿ ಅಷ್ಟು ದೊಡ್ಡ ಫೈಲು ಕೂರುವುದಿಲ್ಲ. ಕೈಯಲ್ಲೇ ಕಾಪಿ ಮಾಡಿ ತಯಾರಿಸಿದ ಪೆನ್‌ಡ್ರೈವ್‌ಗಳು ಕೈಕೊಡುವುದು ಇಲ್ಲೇ. ರೂಫಸ್ ದೊಡ್ಡ ಫೈಲು ಹಿಡಿಸುವ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಬಳಸಿ, ಕೊನೆಯಲ್ಲಿ 1 ಎಂಬಿಯ ಪುಟ್ಟ ಬೂಟ್ ಪಾರ್ಟಿಷನ್ ಇಡುತ್ತದೆ. ಮೈಕ್ರೋಸಾಫ್ಟ್‌ನದೇ ಮೀಡಿಯಾ ಕ್ರಿಯೇಷನ್ ಟೂಲ್ ಇನ್ನೂ ಕುಗ್ಗಿಸಿದ ಫೈಲನ್ನು ಫ್ಯಾಟ್32ನಲ್ಲಿ ಹಾಕುತ್ತದೆ. ರೂಫಸ್‌ನ ಪೆನ್‌ಡ್ರೈವ್ ಬೂಟ್ ಮೆನುವಿನಲ್ಲಿ ಕಂಡರೂ ಶುರುವಾಗದ ಅಪರೂಪದ ಯಂತ್ರಗಳಿಗೆ ಅದೇ ಸೂಕ್ತ. ಹತ್ತಾರು ಐಎಸ್‌ಒ ಒಟ್ಟಿಗೆ ಇಟ್ಟುಕೊಳ್ಳುವವರಿಗೆ ವೆಂಟಾಯ್ ಎಂಬ ಇನ್ನೊಂದು ತಂತ್ರಾಂಶ ಅನುಕೂಲ, ನಿಜ. ಆದರೆ ದೋಷ ಎಲ್ಲಿದೆ ಎಂದು ಹುಡುಕುವಾಗ ನಡುವೆ ಅದರದೇ ಬೂಟ್ ಮೆನು, ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದಷ್ಟೇ ಬೂಟ್ ಆಗಲು ಬಿಡುವ ಕಾವಲು) ಇದ್ದರೆ ಅದರ ಕೀ ಸೇರಿಸುವ ಕೆಲಸ ಬೇರೆ ಬಂದು ಗೊಂದಲವಾಗುತ್ತದೆ.

ಸ್ಟಾರ್ಟ್ ಒತ್ತಿದಾಗ ರೂಫಸ್ ಒಂದು ಪಟ್ಟಿ ಮುಂದಿಡುತ್ತದೆ: ವಿಂಡೋಸ್ 11 ಕೇಳುವ ಟಿಪಿಎಂ 2.0 (ಭದ್ರತೆಯ ಚಿಪ್), ಸೆಕ್ಯೂರ್ ಬೂಟ್, 4 ಜಿಬಿ ರ‍್ಯಾಮ್ ಷರತ್ತುಗಳನ್ನು ತೆಗೆಯಬೇಕೆ, ಮೈಕ್ರೋಸಾಫ್ಟ್ ಖಾತೆ ಇಲ್ಲದೆ ಲೋಕಲ್ ಖಾತೆ ಮಾಡಬೇಕೆ, ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗದಂತೆ ತಡೆಯಬೇಕೆ ಎಂದೆಲ್ಲ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಕಂಪ್ಯೂಟರಿನ ಮನೆಗಳಿಗೆ ಇದು ದೊಡ್ಡ ಉಪಕಾರ. ಷರತ್ತು ತೆಗೆದು ಹಾಕಿದ ಯಂತ್ರಕ್ಕೆ ಅಪ್‌ಡೇಟ್‌ಗಳ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ, ಅದು ನೆನಪಿರಲಿ. ಪ್ರೊಸೆಸರ್ ತೀರ ಹಳೆಯದಾದರೆ ರೂಫಸ್‌ನಿಂದಲೂ ಆಗದು. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಎಸ್‌ಎಸ್‌ಇ4.2 ಆದೇಶಗಳು ಬೇಕೇ ಬೇಕು, ಕೋರ್ 2 ಡ್ಯುಯೋದಲ್ಲಿ ಅವು ಇಲ್ಲ.

ರೂಫಸ್ ಕೈಚೆಲ್ಲುವ ಇನ್ನೊಂದು ಜಾಗ ಇಂಟೆಲ್ 11ನೇ ಪೀಳಿಗೆ ಮತ್ತು ನಂತರದ ಲ್ಯಾಪ್‌ಟಾಪ್‌ಗಳು. ಸೆಟಪ್ ಚೆನ್ನಾಗಿ ಶುರುವಾಗುತ್ತದೆ, ಡಿಸ್ಕ್ ಆರಿಸುವ ಹಂತದಲ್ಲಿ ಪಟ್ಟಿ ಪೂರ್ತಿ ಖಾಲಿ. ಎಸ್‌ಎಸ್‌ಡಿಗೆ ಏನೂ ಆಗಿಲ್ಲ. ಅದು ಎಸ್‌ಎಸ್‌ಡಿಗಳನ್ನು ನಿಭಾಯಿಸುವ ಇಂಟೆಲ್ ವಿಎಂಡಿ ಕಂಟ್ರೋಲರ್‌ನ ಹಿಂದಿದೆ, ಅದರ ಡ್ರೈವರ್ ಸೆಟಪ್‌ನ ಬಳಿ ಇಲ್ಲ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಆ ಡ್ರೈವರ್ (ಹೆಸರು ಇಂಟೆಲ್ ಆರ್‌ಎಸ್‌ಟಿ) ಇಳಿಸಿ, ಬಿಚ್ಚಿ, ಆ ಫೋಲ್ಡರನ್ನು ಅದೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಖಾಲಿ ಪಟ್ಟಿಯ ಕೆಳಗಿರುವ ಲೋಡ್ ಡ್ರೈವರ್ ಒತ್ತಿ ಫೋಲ್ಡರ್ ತೋರಿಸಿದರೆ ವಿಎಂಡಿ ಕಂಟ್ರೋಲರ್ ಎಂಬ ಸಾಲು ಬರುತ್ತದೆ. 11ನೇ ಪೀಳಿಗೆಗೆ ಕೊನೆಯಲ್ಲಿ 9ಎ0ಬಿ, 12ಕ್ಕೆ 467ಎಫ್ ಎಂದಿರುತ್ತದೆ. ಆರಿಸಿದ ಕೂಡಲೇ ಡಿಸ್ಕ್ ಕಾಣುತ್ತದೆ. ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿದರೂ ಕಾಣುತ್ತದೆ, ಆದರೆ ಈಗಾಗಲೇ ಇರುವ ವಿಂಡೋಸ್ ನೀಲಿ ಪರದೆಯಲ್ಲಿ ನಿಲ್ಲಬಹುದು. ಈ ಡ್ರೈವರನ್ನು ರೂಫಸ್ ತಾನೇ ಸೇರಿಸುವಂತಿದ್ದರೆ ಎಷ್ಟೋ ಮನೆಗಳ ಪರದಾಟ ತಪ್ಪುತ್ತಿತ್ತು.

ಲಿನಕ್ಸ್ ಐಎಸ್‌ಒ ಹಾಕುವಾಗ ಐಎಸ್‌ಒ ಕ್ರಮವೋ (ಫೈಲುಗಳನ್ನು ಬಿಡಿಸಿ ಹಾಕುವುದು) ಡಿಡಿ ಕ್ರಮವೋ (ಇದ್ದ ಹಾಗೆ ಪಡಿಯಚ್ಚು ಬರೆಯುವುದು) ಎಂದು ಕೇಳಿದರೆ ಮೊದಲನೆಯದನ್ನು ಆರಿಸಿ, ಬೂಟ್ ಆಗದಿದ್ದರೆ ಎರಡನೆಯದು. ಡಿಡಿ ಆದ ಮೇಲೆ ಪೆನ್‌ಡ್ರೈವ್ ವಿಂಡೋಸ್‌ನಲ್ಲಿ ಕೆಲವೇ ಎಂಬಿಯದಾಗಿ ಕಾಣಬಹುದು. ಗಾಬರಿ ಬೇಡ, ರೂಫಸ್‌ನಲ್ಲೇ ಬೂಟ್ ಇಲ್ಲದ ಸಾದಾ ಫಾರ್ಮ್ಯಾಟ್ ಮಾಡಿದರೆ ಮೊದಲಿನಂತಾಗುತ್ತದೆ.

ಐಎಸ್‌ಒ ಮೊತ್ತ ಸರಿಯಿದ್ದು, ಪೆನ್‌ಡ್ರೈವ್ ಪರೀಕ್ಷೆಯಲ್ಲಿ ಪಾಸಾಗಿ, ಯುಇಎಫ್‌ಐ ಸಾಲಿನಿಂದಲೇ ಬೂಟ್ ಮಾಡಿಯೂ ಪ್ರತಿ ಸಲ ಬೇರೆ ಬೇರೆ ಶೇಕಡಾವಾರಿನಲ್ಲಿ ಎರರ್ ಬರುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡಬೇಕು. ಎರಡು ಸ್ಟಿಕ್ ಇದ್ದರೆ ಒಂದನ್ನು ತೆಗೆದು ಪ್ರಯತ್ನಿಸಿ, ಆಮೇಲೆ ಇನ್ನೊಂದನ್ನು. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್‌ನ ಐಎಸ್‌ಒವನ್ನೂ ರೂಫಸ್‌ನಿಂದಲೇ ಪೆನ್‌ಡ್ರೈವ್‌ಗೆ ಹಾಕಬಹುದು. ಅದರಲ್ಲಿ ಒಂದೇ ಒಂದು ಕೆಂಪು ಸಾಲು ಕಂಡರೂ ಆ ಸ್ಟಿಕ್ ಬದಲಾಯಿಸಿ.